ಆನೆ ಬಾರದ ಸಂಜೆ

ಆಲದದೊಡ್ಡಿ, ಜವಳಗಿರಿ ಹತ್ತಿರ
18 ಫೆಬ್ರವರಿ 2024

ಚಲಪತಿಗೆ,

ಅಪ್ಪ ಬರೆಯುತ್ತಿರುವುದು. ಅಕ್ಷರ ನೋಡಿ ನಗಬೇಡ, ಎಂಟನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆಯಲು ಕೂತದ್ದು ಇದೇ ಮೊದಲು.

ಗುರುವಾರ ನಿನ್ನನ್ನು ನೋಡಲು ಸೇಲಂಗೆ ಬಂದಿದ್ದೆ. ಬೆಳಗ್ಗೆ ಮೊದಲ ಬಸ್ಸು ಹಿಡಿದು ತಳಿಗೆ, ಅಲ್ಲಿಂದ ಹೊಸೂರಿಗೆ, ಅಲ್ಲಿಂದ ಇನ್ನೊಂದು. ನಿಮ್ಮಮ್ಮ ಅವರೆಕಾಳು ಹುರಿದು ಕೊಟ್ಟಿದ್ದಳು. ಅದನ್ನು ಒಳಗೆ ಬಿಡುವುದಿಲ್ಲ ಎಂದರು. ಹೆಸರು ಬರೆಸಿ ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತೆ. ಆಮೇಲೆ ವಾರ್ಡರು ಬಂದು, ನಿಮ್ಮ ಹುಡುಗನಿಗೆ ಬರಲು ಇಷ್ಟವಿಲ್ಲವಂತೆ ಎಂದ. ಕೇಳಿಸಿದ್ದು ತಪ್ಪಿರಬೇಕು ಎಂದುಕೊಂಡು ಬಲಗಿವಿ ಕೊಟ್ಟು ಇನ್ನೊಮ್ಮೆ ಕೇಳಿದೆ. ಅದನ್ನೇ ಹೇಳಿದ. ವಾಪಸು ಬರುವಾಗ ಕೃಷ್ಣಗಿರಿ ದಾಟುವಷ್ಟರಲ್ಲಿ ಅವರೆಕಾಳು ಪೂರ್ತಿ ನಾನೇ ತಿಂದು ಮುಗಿಸಿದೆ. ನಿಮ್ಮಮ್ಮನಿಗೆ ನೀನು ತಿಂದೆ ಎಂದು ಹೇಳಿದ್ದೇನೆ.

ಜೈಲಿನ ಫೋನಿನಲ್ಲಿ ನೀನು ಮಾತಾಡಿದರೂ ನನಗೆ ಪ್ರಯೋಜನವಿಲ್ಲ. ಇಪ್ಪತ್ತೆರಡು ವರ್ಷ ಫಾರೆಸ್ಟಿನವರ ಆನೆ ಕಾವಲಿನಲ್ಲಿ ಪಟಾಕಿ ಹೊಡೆದು ಎಡಗಿವಿ ಪೂರಾ ಹೋಗಿದೆ, ಬಲಗಿವಿ ಅರ್ಧ. ಅದಕ್ಕೇ ಈ ಕಾಗದ.

ಲಾಯರು ವೆಂಕಟರಮಣಪ್ಪನವರು ಆ ದಿನ ನಡೆದದ್ದನ್ನು ನೆನಪಿಟ್ಟುಕೊಂಡಿರು ಎಂದಿದ್ದಾರೆ. ನನ್ನ ನೆನಪು ಇಷ್ಟು. ಡಿಸೆಂಬರ್ ಎಂಟು, ಶುಕ್ರವಾರ, ಸಂಜೆ ಆರೂಕಾಲು. ಆನೆ ಬಂದರೆ ಊರಿಗೆ ತಿಳಿಸುವ ವಾಟ್ಸಾಪ್ ಗುಂಪಿಗೆ ನಿನ್ನ ದನಿ ಬಂತು. ನಿಮ್ಮಮ್ಮ ಫೋನನ್ನು ನನ್ನ ಬಲಗಿವಿಗೆ ಹಿಡಿದಳು. "ಆನೆ ಬಂದೈತೆ, ಕ್ರಾಸ್ ತಾವ, ಎಲ್ಲಾ ಬನ್ರಪ್ಪಾ." ನಿನ್ನ ಕೂಗು ಬಂದರೆ ಕೈತುತ್ತು ಬಿಟ್ಟು ಏಳುವುದು ನಮ್ಮೂರಿಗೆ ಅಭ್ಯಾಸ. ಟಾರ್ಚು, ದೊಣ್ಣೆ, ತಗಡಿನ ಡಬ್ಬ ಹಿಡಿದು ಮೂವತ್ತು ಜನ ಓಡಿದರು. ಕ್ರಾಸಿನಲ್ಲಿ ಆನೆ ಇರಲಿಲ್ಲ. ಹೂವಿನ ಕಂಪನಿಯ ಒಡಿಶಾ ಹುಡುಗರು ಮಲಗುವ ಶೆಡ್ಡಿತ್ತು. ಅದರ ಮುಂದೆ ನೀನು ಸೇರಿದ್ದ, ಹೊರಗಿನವರು ಬೇಡ ಎನ್ನುವ ಊರ್ಗಾವಲು ಬಳಗದವರು ಮೊದಲೇ ಬಂದು ನಿಂತಿದ್ದರು. ಶೆಡ್ಡು ಸುಟ್ಟುಹೋಯಿತು. ಸುಕ್ರ ಎನ್ನುವ ಇಪ್ಪತ್ತು ವರ್ಷದ ಹುಡುಗನ ಬಲಗಣ್ಣು ಹೋಯಿತು.

ಹೋದವರೆಲ್ಲ ಜಾಮೀನಿನ ಮೇಲೆ ಹೊರಗೆ ಬಂದಿದ್ದಾರೆ. ಕರೆದ ದನಿ ನಿನ್ನದಾದ್ದರಿಂದ ನೀನೊಬ್ಬ ಒಳಗಿದ್ದೀಯ. ನನಗೆ ಒಂದು ವಿಷಯ ತಿಳಿಯಬೇಕು. ಯಾಕಪ್ಪಾ ಆನೆ ಅಂದೆ?

ನಿನ್ನ ಅಪ್ಪ,
ರಾಮಾಂಜಿನಪ್ಪ


ಸೆಂಟ್ರಲ್ ಜೈಲು, ಸೇಲಂ
9 ಮಾರ್ಚ್ 2024

ಅಪ್ಪ,

ಕಾಗದ ಬಂತು. ಇಲ್ಲಿ ಯಾವ ಕಾಗದವನ್ನಾದರೂ ಓದಿ ನೋಡಿಯೇ ಕೊಡುತ್ತಾರೆ. ಕನ್ನಡ ಬರುವುದು ಡೆಂಕಣಿಕೋಟೆ ಕಡೆಯ ಒಬ್ಬ ವಾರ್ಡರಿಗೆ ಮಾತ್ರ. ನೋಡಿಕೊಂಡು ಬರೆ.

ಲಾಯರು ಬಂದಿದ್ದರು. ಕೇಸೆಲ್ಲ ಒಂದು ಮಾತಿನ ಮೇಲೆ ನಿಂತಿದೆ ಎಂದರು. ಆ ಸಂಜೆ ಆನೆ ಇದ್ದರೆ, ನಾನು ಊರನ್ನು ಕರೆದದ್ದು ಆನೆಗೆ. ಆಮೇಲೆ ಅಲ್ಲಿ ಯಾರೋ ಏನೋ ಮಾಡಿದರೆ ಅದು ನನ್ನ ತಲೆಗೆ ಬರುವುದಿಲ್ಲ. ಆನೆ ಇರಲಿಲ್ಲ ಎಂದಾದರೆ ಜನ ಕೂಡಿಸಿದವನು ನಾನೇ. ಹತ್ತು ವರ್ಷದವರೆಗೆ ಕೊಡಬಹುದಂತೆ.

ಆನೆ ಎಲ್ಲಿತ್ತು ಎಂದು ಹೇಳಲು ಸುತ್ತ ಹತ್ತೂರಿಗೆ ಇರುವವನು ನೀನೊಬ್ಬ. ಕೋರ್ಟಿನಲ್ಲಿ ನಿನ್ನನ್ನೇ ಕೇಳುತ್ತಾರೆ. ಆ ದಿನ ಒಂದು ಒಂಟಿ ಆನೆ ಕ್ರಾಸಿನ ಕಡೆ ಬಂದಿತ್ತು ಅಪ್ಪ. ಸರಿಯಾಗಿ ನೆನಪು ಮಾಡಿಕೋ.

ನೀನು ಬಂದ ದಿನ ನನಗೆ ಜ್ವರವಿತ್ತು.

ಚಲಪತಿ


ಆಲದದೊಡ್ಡಿ
30 ಮಾರ್ಚ್ 2024

ಚಲಪತಿಗೆ,

ನೆನಪು ಮಾಡಿಕೊಂಡೆ. ಆ ದಿನ ಹರಿದ ಕಿವಿಯ ಹೆಣ್ಣಾನೆಯ ಗುಂಪು, ಮರಿಗಳೂ ಸೇರಿ ಹದಿನಾಲ್ಕು, ಮಧ್ಯಾಹ್ನ ಕೆರೆಯಲ್ಲಿ ನೀರು ಕುಡಿದು ನಾಲ್ಕು ಗಂಟೆಗೆ ಕರ್ನಾಟಕದ ಕಾಡಿನ ಕಡೆ ದಾಟಿತು. ಒಂಟಿ ಸಲಗ ಎರಡು ದಿನ ಮೊದಲೇ ಹೋಗಿತ್ತು. ಲದ್ದಿ ಮುಟ್ಟಿ ನೋಡಿದ್ದೆ. ಐದು ಗಂಟೆಗೆ ರೇಂಜ್ ಆಫೀಸಿಗೆ ಫೋನು ಮಾಡಿ, ಇವತ್ತು ನಮ್ಮ ಕಡೆ ಏನೂ ಇಲ್ಲ ಸಾರ್ ಎಂದಿದ್ದೆ. ಇಷ್ಟು ನೆನಪಿದೆ. ಇನ್ನು ಬೇರೆ ನೆನಪು ಬೇಕೆಂದರೆ ಹೊಸದಾಗಿ ಮಾಡಿಕೊಳ್ಳಬೇಕು.

ನಿನ್ನ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಅವಳು ಒಲೆ ಮುಂದೆ ಕೂತವಳು ತಿರುಗಿ ಕೂಡ ನೋಡದೆ, "ಒಂದ್ ಮಾತು ಅಂದ್ಬುಟ್ರೆ ನಿಮ್ ನಾಲ್ಗೆ ಬಿದ್ದೋಯ್ತದಾ? ಆನೆ ಏನ್ ಕೋರ್ಟ್‌ಗೆ ಬಂದು ಸುಳ್ಳು ಅನ್ನಲ್ಲ" ಎಂದಳು. ನಾನು ಎದ್ದು ಹೊಲದ ಕಡೆ ಹೋದೆ.

ಊರಿನ ವಾಟ್ಸಾಪ್ ಗುಂಪು ಶುರು ಮಾಡಿದವನು ನೀನು. ಆಗ ನಿನಗೆ ಹತ್ತೊಂಬತ್ತು. ಅದಕ್ಕೆ ಮೊದಲು ನಾನೊಬ್ಬನೇ ಡಬ್ಬ ಬಡಿಯುತ್ತ ಬೀದಿ ಬೀದಿ ಓಡಬೇಕಿತ್ತು. ನೀನು ಮನೆಮನೆಗೆ ಹೋಗಿ ನಂಬರು ಇಸಕೊಂಡು, ಯಾರು ಟಾರ್ಚು, ಯಾರು ಟ್ರ್ಯಾಕ್ಟರು, ಯಾರು ಬೆಂಕಿ ಎಂದು ಹಂಚಿದೆ. ಐದು ವರ್ಷದಲ್ಲಿ ಒಂದು ಜೀವ ಹೋಗಲಿಲ್ಲ, ಮನುಷ್ಯರದೂ ಇಲ್ಲ, ಆನೆಯದೂ ಇಲ್ಲ. "ಹುಡ್ಗ ಪರ್ವಾಗಿಲ್ಲ ಕಣೋ" ಎಂದು ಪಾಪಣ್ಣನ ಹತ್ತಿರ ಹೇಳಿದ್ದೆ. ನಿನ್ನ ಮುಂದೆ ಹೇಳಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತೀಯ ಎಂದುಕೊಂಡೆ.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ.

ಅಪ್ಪ


ಸೇಲಂ
21 ಏಪ್ರಿಲ್ 2024

ಅಪ್ಪ,

ಯಾಕೆ ಎಂದು ಕೇಳುತ್ತಲೇ ಇದ್ದೀಯ. ಕೇಳು. ವಾರ್ಡರು ಓದಿದರೆ ಓದಲಿ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಸ್ಕೂಲಿಗೆ ಹಾಕಿದೆ. ಹೊಸೂರಿನ ಐಟಿಐಯಲ್ಲಿ ಪಾಠವೆಲ್ಲ ತಮಿಳು. ನಾನು ಬಾಯಿ ತೆರೆದರೆ ಹಿಂದಿನ ಬೆಂಚು ನಗುತ್ತಿತ್ತು. ಆನೇಕಲ್ ಕಡೆ ಕೆಲಸ ಕೇಳಲು ಹೋದರೆ ಆಧಾರ್ ನೋಡಿ, ನೀನು ತಮಿಳುನಾಡಿನವನು ಎಂದರು. ಸೂಳಗಿರಿಯ ಫ್ಯಾಕ್ಟರಿಯಲ್ಲಿ ಹನ್ನೊಂದು ತಿಂಗಳು ಟ್ರೈನಿಯಾಗಿ ದುಡಿದೆ. ಒಂದು ಮಂಚಕ್ಕೆ ಇಬ್ಬರು, ನಾನು ಎದ್ದು ಶಿಫ್ಟಿಗೆ ಹೋದರೆ ಇನ್ನೊಬ್ಬ ಬಂದು ಮಲಗುತ್ತಿದ್ದ. ಅವನ ಮುಖ ನಾನು ಸರಿಯಾಗಿ ನೋಡಿಯೇ ಇಲ್ಲ. ಲೈನಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, "ಏಯ್ ಕನ್ನಡ" ಎನ್ನುತ್ತಿದ್ದರು. ಒಂದು ಸೋಮವಾರ ಗೇಟಿನಲ್ಲಿ ಕಾರ್ಡು ಉಜ್ಜಿದರೆ ಕೆಂಪು ದೀಪ. ಅಷ್ಟೇ. ಹನ್ನೆರಡನೇ ತಿಂಗಳಾದರೆ ಖಾಯಂ ಮಾಡಬೇಕಾಗುತ್ತದೆ, ಅದಕ್ಕೆ ಎಲ್ಲರನ್ನೂ ಹೀಗೇ ಮಾಡುತ್ತಾರಂತೆ. ಹೇಳಿದವನು ಸೆಕ್ಯುರಿಟಿ.

ಊರಿಗೆ ಬಂದು ಹೂವಿನ ಕಂಪನಿಯ ಗೇಟಿನಲ್ಲಿ ನಿಂತೆ. ಲೋಕಲ್ ಬೇಡ ಎಂದರು. ಲೋಕಲ್‌ನವರು ಹಬ್ಬಕ್ಕೆ, ಸಾವಿಗೆ ರಜೆ ಕೇಳುತ್ತಾರಂತೆ. ನಮ್ಮ ಹೊಲದ ಪಕ್ಕದಲ್ಲೇ ನಮಗೆ ಜಾಗವಿಲ್ಲ. ಒಳಗೆ ಅವರು ಗುಲಾಬಿ ಕತ್ತರಿಸುತ್ತಿದ್ದರು, ನಾನು ತಂತಿಯ ಹೊರಗೆ ನಿಂತು ನೋಡುತ್ತಿದ್ದೆ.

ಅವತ್ತೇ ಸಂಜೆ ಟೀ ಅಂಗಡಿಯಲ್ಲಿ ನೀನು ಹೇಳಿದ್ದು ನಿನಗೆ ಮರೆತಿರಬಹುದು. ಎಲ್ಲರ ಮುಂದೆ, "ಇವ್ನಿಗಿಂತ ನಮ್ ಎಮ್ಮೆ ವಾಸಿ, ಎರಡೊತ್ತು ಹಾಲಾದ್ರೂ ಕೊಡ್ತದೆ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊರ್ಗಾವಲು ಬಳಗದ ತಿಮ್ಮರಾಜು ಅಣ್ಣ ನಗಲಿಲ್ಲ. ಹೊರಗೆ ಬಂದು ಹೆಗಲ ಮೇಲೆ ಕೈ ಹಾಕಿ, "ಊಟ ಆಯ್ತೇನಪ್ಪಾ?" ಎಂದರು. ಕೆಲಸ ಹೋದ ನಾಲ್ಕು ತಿಂಗಳಲ್ಲಿ ಹಾಗೆ ಕೇಳಿದ ಮೊದಲ ಗಂಡಸು ಅವರು. ಬಳಗದ ಆಫೀಸಿನಲ್ಲಿ ದಿನಾ ಊಟ, ಹದಿನೈದು ಹುಡುಗರು, ಎಲ್ಲರದೂ ನನ್ನದೇ ಕಥೆ. ಒಂದು ದಿನ ಮೈಕು ಕೊಟ್ಟು, "ನಮ್ ಚಲಪತಿ ಮಾತಾಡ್ತಾನೆ" ಎಂದರು. ಚಪ್ಪಾಳೆ ಹೊಡೆದರು ಅಪ್ಪ. ಯಾರನ್ನು ಬೈಯಬೇಕು ಎನ್ನುವುದನ್ನು ಆಮೇಲೆ ಹೇಳಿಕೊಟ್ಟರು. ಅಷ್ಟರಲ್ಲಿ ಅವರು ಏನು ಹೇಳಿದರೂ ನಾನು ಮಾಡುತ್ತಿದ್ದೆ.

ಈಗ ಗೊತ್ತಾಯಿತಾ? ಈಗಲಾದರೂ ಅಪ್ಪನ ಕೆಲಸ ಮಾಡು.

ಚಲಪತಿ


ಆಲದದೊಡ್ಡಿ
19 ಮೇ 2024

ಚಲಪತಿಗೆ,

ಎಮ್ಮೆಯ ಮಾತು ನಾನು ಮರೆತಿಲ್ಲ. ಹೇಳಿದ ಗಳಿಗೆಯಲ್ಲೇ ನಿನ್ನ ಮುಖ ನೋಡಿದ್ದೆ. ಜನ ನಕ್ಕದ್ದರಿಂದ ನನಗೂ ಅದು ತಮಾಷೆ ಎನಿಸಿತು. ತಪ್ಪು ಕಣಪ್ಪಾ. ದೊಡ್ಡ ತಪ್ಪು. ಹದಿನಾಲ್ಕು ಆನೆಗಳಲ್ಲಿ ಯಾವುದಕ್ಕೆ ಮೈ ಸರಿಯಿಲ್ಲ ಎಂದು ಹೆಜ್ಜೆ ನೋಡಿ ಹೇಳುವವನು, ಮನೆಯಲ್ಲಿದ್ದ ಹುಡುಗ ಮಧ್ಯಾಹ್ನದ ಊಟ ಎಲ್ಲಿ ಮಾಡುತ್ತಿದ್ದಾನೆ ಎಂದು ಕೇಳಲಿಲ್ಲ.

ಈಗ ನಾನು ಒಂದು ಹೇಳುತ್ತೇನೆ. ಇದನ್ನು ಪೊಲೀಸರಿಗೂ ಹೇಳಿಲ್ಲ, ನಿಮ್ಮಮ್ಮನಿಗೂ ಹೇಳಿಲ್ಲ.

ನಿನ್ನ ಕೂಗು ಬಂದಾಗ ಆನೆ ಇಲ್ಲ ಎಂದು ನನಗೆ ಗೊತ್ತಿತ್ತು. ಒಂದು ಗಂಟೆ ಮೊದಲು ನಾನೇ ಫೋನು ಮಾಡಿ ಹೇಳಿದ್ದೆನಲ್ಲ. ಪಾಪಣ್ಣ ಬೀದಿಯಲ್ಲಿ ನಿಂತು, "ಏನ್ ರಾಮಾಂಜಿ, ದಾಟೋದ್ವು ಅಂದಿದ್ದೆ?" ಎಂದು ಕೇಳಿದ. ನಾನು, ಚಲಪತಿ ಸುಳ್ಳು ಹೇಳಲ್ಲ, ನಾನೇ ನೋಡಿದ್ದರಲ್ಲಿ ಏನೋ ತಪ್ಪಾಗಿದೆ ಎಂದೆ. ನನ್ನ ಕಣ್ಣಿಗಿಂತ ನಿನ್ನ ದನಿಯನ್ನು ನಂಬಿ ಪಟಾಕಿ ಚೀಲ ಹೆಗಲಿಗೆ ಹಾಕಿ ಓಡಿದೆ. ನಾನು ಓಡಿದ್ದನ್ನು ನೋಡಿ ಊರು ಓಡಿತು.

ಕ್ರಾಸಿನ ಹತ್ತಿರ ಬರುವಾಗಲೇ ಒಂದು ಪಟಾಕಿ ಹಚ್ಚಿ ಎಸೆದೆ. ಮೊದಲು ಸದ್ದು ಮಾಡಿ ಆಮೇಲೆ ಮುಂದೆ ಹೋಗುವುದು ನಮ್ಮ ಪದ್ಧತಿ. ಆ ಸದ್ದಿಗೇ ಶೆಡ್ಡಿನ ಬಾಗಿಲು ತೆರೆಯಿತು.

ಜನವರಿಯಲ್ಲಿ ಕೃಷ್ಣಗಿರಿ ಆಸ್ಪತ್ರೆಗೆ ಹೋಗಿದ್ದೆ. ಯಾರು ಎಂದು ಹೇಳದೆ ಸುಕ್ರನ ಮಂಚದ ಹತ್ತಿರ ನಿಂತೆ. ತಲೆಗೆಲ್ಲ ಬಟ್ಟೆ ಸುತ್ತಿತ್ತು. ಅವನ ಜೊತೆಗಿದ್ದ ಹುಡುಗನಿಗೆ ಸ್ವಲ್ಪ ತಮಿಳು ಬರುತ್ತದೆ. ಅವರೂ ಕಾಡಿನ ಅಂಚಿನವರಂತೆ. ಅವರ ಊರಿನಲ್ಲೂ ಆನೆ, ಅವರ ಊರಿನಲ್ಲೂ ಕೂಗಿದರೆ ಮನೆಗೊಬ್ಬರು ಹೊರಗೆ ಬರಬೇಕು. ಮೂರು ವರ್ಷದಲ್ಲಿ ನಮ್ಮ ಕೂಗು ಅವರಿಗೆ ಗೊತ್ತಾಗಿತ್ತು. ಪಟಾಕಿ ಕೇಳಿದ ತಕ್ಷಣ ಸುಕ್ರ ಅನ್ನದ ತಟ್ಟೆಯನ್ನೂ ಸೌಟನ್ನೂ ಎತ್ತಿಕೊಂಡು, ಬಡಿಯುತ್ತ ಎಲ್ಲರಿಗಿಂತ ಮೊದಲು ಹೊರಗೆ ಬಂದನಂತೆ. ನಮಗೆ ಸಹಾಯ ಮಾಡಲು ಬಂದ ಕಣಪ್ಪಾ.

ಅವನನ್ನು ನೋಡಿ ಬಂದ ಮೇಲೆ ಇದನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಅದಕ್ಕೇ ಬರೆದೆ. ಕೋರ್ಟಿನಲ್ಲಿ ಏನು ಹೇಳುವುದೆಂದು ಇನ್ನೂ ತಿಳಿದಿಲ್ಲ. ನೀನು ನನ್ನ ಒಬ್ಬನೇ ಮಗ ಎನ್ನುವುದು ಮಾತ್ರ ದಿನಾ ತಿಳಿಯುತ್ತದೆ.

ಅಪ್ಪ


ಸೇಲಂ
12 ಜೂನ್ 2024

ಅಪ್ಪ,

ಅವನ ವಿಷಯ ಇನ್ನು ಬರೆಯಬೇಡ.

ಜುಲೈ ಇಪ್ಪತ್ತಮೂರಕ್ಕೆ ಹೊಸೂರು ಕೋರ್ಟಿನಲ್ಲಿ ನಿನ್ನ ಸಾಕ್ಷಿ. ನನ್ನನ್ನೂ ಕರೆತರುತ್ತಾರೆ. ಒಂದೇ ಮಾತು ಅಪ್ಪ. ಹುಟ್ಟಿದಾಗಿನಿಂದ ನಿನ್ನನ್ನು ಏನೂ ಕೇಳಿಲ್ಲ.

ಅಮ್ಮನಿಗೆ ಅಳಬೇಡ ಎಂದು ಹೇಳು.

ಚಲಪತಿ


ಆಲದದೊಡ್ಡಿ
4 ಆಗಸ್ಟ್ 2024

ಚಲಪತಿಗೆ,

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದೆ. ಆದರೂ ನನ್ನ ಕಡೆಯಿಂದ ಬರೆಯುತ್ತೇನೆ.

ಆ ಬೆಳಗ್ಗೆ ಬಸ್ಸಿನಲ್ಲಿ ಕೂತಾಗ ಆನೆ ಇತ್ತು ಎಂದು ಹೇಳುವುದಾಗಿ ತೀರ್ಮಾನ ಮಾಡಿದ್ದೆ. ನಿಮ್ಮಮ್ಮನಿಗೂ ಮಾತು ಕೊಟ್ಟಿದ್ದೆ. ಅವಳು ನನ್ನ ಅಂಗಿಯ ಗುಂಡಿ ತಾನೇ ಹಾಕಿದಳು. ನಿನ್ನನ್ನು ಕರೆತಂದಾಗ ನೋಡಿದೆ. ಎಷ್ಟು ಸೊರಗಿದ್ದೀಯ. ಆಗಲೂ ಹೇಳುತ್ತೇನೆ ಎಂದೇ ಇದ್ದೆ.

ಲಾಯರು ತಮಿಳಿನಲ್ಲಿ ಕೇಳಿದರು. ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದರು. ಕಿವಿಗೆ ಕೈ ಇಟ್ಟುಕೊಂಡೆ. ಮೂರನೇ ಸಲ ಕೂಗಿ ಕೇಳಿದರು, ಅವತ್ತು ಆನೆ ಬಂದಿತ್ತಾ ಎಂದು. ಇಪ್ಪತ್ತೆರಡು ವರ್ಷದಿಂದ ರೇಂಜ್ ಆಫೀಸಿನವರು ಫೋನಿನಲ್ಲಿ ಹಾಗೇ ಕೂಗಿ ಕೇಳುತ್ತಾರೆ. ಬಾಯಿಗೆ ಬೇರೆ ಮಾತು ಬರಲಿಲ್ಲ. ಇಲ್ಲ ಎಂದೆ. ಕಿವುಡನಲ್ಲವೇ, ನಾನೂ ಬಹಳ ಜೋರಾಗಿ ಹೇಳಿದೆನಂತೆ. ಆಮೇಲೆ ಪಟಾಕಿ ಎಸೆದದ್ದನ್ನೂ ಹೇಳಿದೆ. ಜಡ್ಜಮ್ಮ ಬರೆದುಕೊಂಡರು.

ನಿನ್ನ ಕಡೆ ತಿರುಗಿ ನೋಡಿದಾಗ ನೀನು ಗೋಡೆ ನೋಡುತ್ತಿದ್ದೆ.

ನಿಮ್ಮಮ್ಮ ಬೈಯಲಿಲ್ಲ. ಮನೆಗೆ ಬಂದು ಒಂದು ತಿಂಗಳಿಗಾಗುವಷ್ಟು ರಾಗಿ ಹಿಟ್ಟು ಮಾಡಿಸಿ ಡಬ್ಬ ತುಂಬಿಟ್ಟಳು. ಎಮ್ಮೆಯನ್ನು ಪಾಪಣ್ಣನ ಮನೆಗೆ ಒಪ್ಪಿಸಿದಳು. ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ತಳಿಗೆ, ನಿನ್ನ ಮಾವನ ಮನೆಗೆ ಹೋದಳು. ಬಸ್ಸು ಹತ್ತುವ ಮುಂಚೆ, "ನಿಮ್ಗೆ ಆನೆನೇ ಮಗ ಆಗೋಯ್ತು" ಎಂದಳು. ಅದು ನನಗೆ ಸರಿಯಾಗಿ ಕೇಳಿಸಿತು.

ಅಪ್ಪ


ಆಲದದೊಡ್ಡಿ
6 ಅಕ್ಟೋಬರ್ 2024

ಚಲಪತಿಗೆ,

ನಾನು ಬರೆದು ಎರಡು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ. ಪಾಪ, ಅವನಿಗೂ ಬೇಜಾರು.

ನಾನು ಚೆನ್ನಾಗಿಲ್ಲ. ಸುಮ್ಮನೆ ಕ್ಷೇಮ ಎಂದು ಬರೆಯಲು ಮನಸ್ಸಿಲ್ಲ. ಒಬ್ಬನಿಗೆ ಮುದ್ದೆ ತಿರುವಲು ಬರುವುದಿಲ್ಲ, ಒಂದೋ ಗಂಟು, ಒಂದೋ ನೀರು. ಸಂಜೆ ಮನೆಗೆ ಬಂದರೆ ಬಾಯಿ ತೆರೆಯುವ ಕೆಲಸವೇ ಇಲ್ಲ. ಊರಿನಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ, ಮಾತಿಗೂ ಬರುವುದಿಲ್ಲ. ಟೀ ಅಂಗಡಿಯಲ್ಲಿ ನಾನು ಕೂತ ಬೆಂಚಿನಿಂದ ಒಬ್ಬೊಬ್ಬರೇ ಏಳುತ್ತಾರೆ. ಸೂಳಗಿರಿಯ ಆ ರೂಮಿನಲ್ಲಿ ನೀನು ಹೇಗಿದ್ದೆ ಎನ್ನುವುದು ಈಗ ಸ್ವಲ್ಪ ಅಂದಾಜಾಗುತ್ತಿದೆ.

ಇನ್ನೊಂದು. ಮೊನ್ನೆ ಕ್ರಾಸಿನಲ್ಲಿ ಒಂದು ವ್ಯಾನು ನಿಂತಿತು. ಇಪ್ಪತ್ತು ಹುಡುಗರು ಇಳಿದರು, ಕೈಯಲ್ಲಿ ಬಕೆಟ್ಟು, ಚಾಪೆ. ಎಲ್ಲಿಯವರಪ್ಪಾ ಎಂದು ಕೇಳಿದೆ. ಒಡಿಶಾ ಎಂದರು. ಮುಂದಿನ ಸೀಟಿನಿಂದ ತಿಮ್ಮರಾಜು ಇಳಿದ. ಹೂವಿನ ಕಂಪನಿಗೆ ಆಳು ಕಳಿಸುವ ಕಾಂಟ್ರಾಕ್ಟು ಈಗ ಅವನದು. ಮೊದಲಿನ ಕಾಂಟ್ರಾಕ್ಟರು ಆ ಗಲಾಟೆಯಾದ ವಾರದಲ್ಲೇ ಬಿಟ್ಟು ಹೋಗಿದ್ದನಂತೆ. ಸುಟ್ಟ ಶೆಡ್ಡಿನ ಜಾಗದಲ್ಲಿ ಹೊಸ ಶೆಡ್ಡು ಕಟ್ಟಿಸಿದವನೂ ಇವನೇ.

ನನ್ನನ್ನು ನೋಡಿ, "ಚಲಪತಿ ಹೆಂಗವ್ನೆ ಅಣ್ಣಾ?" ಎಂದ. ಆಮೇಲೆ ಆ ಹುಡುಗರ ಕಡೆ ತಿರುಗಿ ಊಟ ಆಯಿತಾ ಎಂದು ಕೇಳಿದ.

ನಿನಗೆ ನೋವಾಗಲಿ ಎಂದು ಇದನ್ನು ಬರೆದಿಲ್ಲ. ಇಲ್ಲ, ಅದು ಸುಳ್ಳು. ಸ್ವಲ್ಪ ನೋವಾಗಲಿ ಎಂದೂ ಬರೆದಿದ್ದೇನೆ.

ಅಪ್ಪ


ಆಲದದೊಡ್ಡಿ
24 ನವೆಂಬರ್ 2024

ಚಲಪತಿಗೆ,

ನೀನು ಓದುತ್ತೀಯೋ ಇಲ್ಲವೋ. ಬೇರೆ ಯಾರ ಹತ್ತಿರವೂ ಹೇಳುವ ಹಾಗಿಲ್ಲ, ಅದಕ್ಕೆ ಬರೆಯುತ್ತೇನೆ.

ಆನೆ ಬಂದವು. ಬುಧವಾರ ಸಂಜೆ ಐದೂಮುಕ್ಕಾಲಿಗೆ ಹರಿದ ಕಿವಿಯವಳ ಗುಂಪು, ಜೊತೆಗೆ ಒಂದು ಸಲಗ, ಕೆರೆ ಏರಿ ಹತ್ತಿ ನಮ್ಮ ಬೀದಿಯ ಕಡೆಗೇ ಬಂದವು. ವಾಟ್ಸಾಪ್ ಗುಂಪನ್ನು ಪೊಲೀಸರ ಭಯಕ್ಕೆ ಎಲ್ಲರೂ ಅಳಿಸಿ ಹಾಕಿದ್ದಾರೆ. ಹಳೆಯ ಹಾಗೆ ಡಬ್ಬ ಬಡಿಯುತ್ತ ಬೀದಿಯ ಆ ತುದಿಯಿಂದ ಈ ತುದಿಗೆ ಓಡಿದೆ. ಆನೆ ಬಂದೈತೆ, ಆನೆ ಬಂದೈತೆ ಎಂದು ಗಂಟಲು ಹರಿಯುವವರೆಗೆ ಕೂಗಿದೆ.

ಒಂದು ಬಾಗಿಲೂ ತೆರೆಯಲಿಲ್ಲ. ಒಳಗೆ ದೀಪ ಉರಿಯುತ್ತಿತ್ತು. ಕುಮಾರೇಶ್ ಗೊತ್ತಲ್ಲ, ನಿನ್ನ ಜೊತೆ ಟಾರ್ಚು ಹಿಡಿಯುತ್ತಿದ್ದವನು, ಅವನ ಮೇಲೂ ಕೇಸಿದೆ. ಕಿಟಕಿ ಒಂದಿಷ್ಟು ತೆರೆದು, "ದೊಡ್ಡಪ್ಪಾ, ನಿಜವಾಗ್ಲೂ ಆನೆನಾ?" ಎಂದ.

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಆ ಮಾತು ಕೇಳಿರಲಿಲ್ಲ. ನಾನು ಹೌದು ಎಂದೆ. ಅವನು ಕಿಟಕಿ ಮುಚ್ಚಿದ.

ನಿಜವೋ ಸುಳ್ಳೋ ನೋಡಿಯೇ ಬಿಡೋಣ ಎಂದು ಹೊರಗೆ ಬಂದವನು ಪಾಪಣ್ಣ ಒಬ್ಬ. ಕೈಯಲ್ಲಿ ದೊಣ್ಣೆಯಿಲ್ಲ, ಟಾರ್ಚಿಲ್ಲ. ಮೂಲೆ ತಿರುಗಿದರೆ ಎದುರಿಗೇ ಸಲಗ. ಸೊಂಡಿಲು ಬೀಸಿದ್ದಕ್ಕೆ ಚರಂಡಿಗೆ ಬಿದ್ದ. ಸೊಂಟ ಮುರಿದಿದೆ, ಹೊಸೂರು ಆಸ್ಪತ್ರೆಯಲ್ಲಿದ್ದಾನೆ. ಬದುಕಿದ್ದೇ ದೊಡ್ಡದು. ಮೂವತ್ತು ಜನ ಬಂದಿದ್ದರೆ ಅವು ಏರಿಯಿಂದಲೇ ತಿರುಗುತ್ತಿದ್ದವು.

ಅವನ ರಾಗಿ ಮೆದೆ ಪೂರ್ತಿ ತಿಂದು ಹೋದವು. ನಾನು ಡಬ್ಬ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು ನೋಡಿದೆ. ಬಡಿಯಲು ಕೈ ಏಳಲಿಲ್ಲ. ಜನವರಿಯವರೆಗೆ ಇನ್ನೂ ಬರುತ್ತವೆ. ಈ ಸಲ ಯಾರಾದರೂ ಸಾಯುತ್ತಾರೆ ಚಲಪತಿ.

ಅಪ್ಪ


ಸೇಲಂ
8 ಡಿಸೆಂಬರ್ 2024

ಅಪ್ಪ,

ನಿನ್ನ ಕಾಗದಗಳೆಲ್ಲ ಬಂದಿವೆ. ಎಲ್ಲ ಓದಿದ್ದೇನೆ. ವ್ಯಾನಿನ ಕಾಗದ ಬಂದ ದಿನ ಊಟ ಸೇರಲಿಲ್ಲ. ಪಾಪಣ್ಣ ಮಾವನ ಕಾಗದ ಬಂದ ಮೇಲೆ ಬರೆಯಲು ಕೂತೆ, ಮೂರು ಸಲ ಹರಿದು ಹಾಕಿದೆ.

ಕೆಳಗೆ ಇರುವುದನ್ನು ಊರಿನವರ ಮುಂದೆ ಓದು. ಎಲ್ಲರೂ ಸೇರುವ ಕಡೆ, ಜೋರಾಗಿ. ಇದನ್ನು ವಾರ್ಡರು ಓದುತ್ತಾರೆ, ಓದಿದ ಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತು. ಲಾಯರಿಗೂ ಹೇಳಿದೆ. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಬೈದು ಹೋದರು. ಮುಂದಿನ ವಾಯಿದೆಗೆ ಜಡ್ಜಮ್ಮನ ಮುಂದೆಯೂ ಇದನ್ನೇ ಹೇಳುತ್ತೇನೆ.

ಆಲದದೊಡ್ಡಿಯ ಎಲ್ಲರಿಗೂ ರಾಮಾಂಜಿನಪ್ಪನ ಮಗ ಚಲಪತಿ ಬರೆದದ್ದು. ಹೋದ ವರ್ಷ ಈ ದಿನ ಆನೆ ಬಂದಿರಲಿಲ್ಲ. ಬಂದಿಲ್ಲ ಎಂದು ಗೊತ್ತಿದ್ದೇ ಕೂಗಿದೆ. ಒಡಿಶಾದವರನ್ನು ಓಡಿಸಬೇಕು ಎಂದರೆ ನೀವು ಯಾರೂ ಬರುತ್ತಿರಲಿಲ್ಲ, ಆನೆ ಎಂದರೆ ಬರುತ್ತೀರಿ ಎಂದು ಗೊತ್ತಿತ್ತು. ಹಾಗೆ ಕೂಗು ಎಂದು ತಿಮ್ಮರಾಜು ಹೇಳಿದ್ದು ನಿಜ, ಕೂಗಿದವನು ನಾನು. ಸುಕ್ರ ತಟ್ಟೆ ಬಡಿಯುತ್ತ ಹೊರಗೆ ಬಂದಾಗ ಅವನ ಕಣ್ಣಿಗೆ ಟಾರ್ಚು ಬಿಟ್ಟವನು ನಾನು. ಆನೆಗೆ ಬಿಡುತ್ತೇವಲ್ಲ, ಹಾಗೆ. ಅವನು ಕಣ್ಣಿಗೆ ಕೈ ಅಡ್ಡ ಹಿಡಿದ. ಬೇರೆಯವರು ಹೊಡೆಯುವಾಗ ನಾನು ಬೆಳಕು ತೆಗೆಯಲಿಲ್ಲ. ನಿಮ್ಮ ಮನೆಯ ಹುಡುಗರು ಕೇಸಿನಲ್ಲಿ ಸಿಕ್ಕಿಕೊಂಡದ್ದು ನನ್ನಿಂದ. ನನ್ನನ್ನು ಏನು ಬೇಕಾದರೂ ಬೈಯಿರಿ. ಆದರೆ ಅಪ್ಪ ಯಾವತ್ತೂ ಸುಳ್ಳು ಕೂಗಿಲ್ಲ. ಹತ್ತು ವರ್ಷ ಮಗ ಜೈಲಿನಲ್ಲಿರುತ್ತಾನೆ ಎಂದು ಗೊತ್ತಿದ್ದೂ ಇಲ್ಲದ ಆನೆಯನ್ನು ಇತ್ತು ಎನ್ನಲಿಲ್ಲ. ಅಪ್ಪ ಆನೆ ಎಂದರೆ ಆನೆ. ಬಾಗಿಲು ತೆಗೆದು ಹೋಗಿ.

ಅಷ್ಟೇ ಅಪ್ಪ. ಫೆಬ್ರವರಿಯಲ್ಲಿ ನೀನು ಬಂದಾಗ ನನಗೆ ಜ್ವರ ಇರಲಿಲ್ಲ.

ಚಲಪತಿ


ಆಲದದೊಡ್ಡಿ
12 ಜನವರಿ 2025

ಚಲಪತಿಗೆ,

ಬೆಳಗ್ಗೆ ಹಾಲು ಅಳೆಯುವ ಹೊತ್ತಿಗೆ ಡೈರಿ ಮುಂದೆ ಓದಿದೆ. ಟಾರ್ಚಿನ ಮಾತು ಬಂದಲ್ಲಿ ನನಗೆ ಮುಂದೆ ಓದಲಾಗಲಿಲ್ಲ. ಕುಮಾರೇಶ್ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ಓದಿದ. ಎಲ್ಲರೂ ಕ್ಯಾನು ಎತ್ತಿಕೊಂಡು ಮನೆಗೆ ಹೋದರು. ಹತ್ತಾರು ದಿನ ಹಾಗೇ ಕಳೆಯಿತು.

ಹೋದ ಸೋಮವಾರ ಸಂಜೆ ಸಲಗ ಮತ್ತೆ ಕೆರೆ ಏರಿಗೆ ಬಂತು. ಕೂಗಿದೆ. ನಾಲ್ಕು ಜನ ಬಂದರು. ಮೂವತ್ತಲ್ಲ, ನಾಲ್ಕೇ. ಕುಮಾರೇಶ್, ಅವನ ತಮ್ಮ, ಹೊಸ ಶೆಡ್ಡಿನಿಂದ ಒಬ್ಬ ಒಡಿಶಾ ಹುಡುಗ. ಆ ಹುಡುಗ ಟಾರ್ಚುಗಳನ್ನು ನೋಡಿ ತಂತಿಯ ಹತ್ತಿರವೇ ನಿಂತುಬಿಟ್ಟ. ಕುಮಾರೇಶ್ ಟಾರ್ಚು ನೆಲಕ್ಕೆ ತಿರುಗಿಸಿ ಬಾ ಎಂದು ಕರೆದ. ಸ್ವಲ್ಪ ಹೊತ್ತಾದ ಮೇಲೆ ಬಂದ. ನಾಲ್ಕನೆಯವರು ನನ್ನ ಬೆನ್ನ ಹಿಂದೆ ತಟ್ಟೆ ಬಡಿಯುತ್ತಿದ್ದರು. ಕಿವಿ ಅರ್ಧ ಹೋಗಿದ್ದರೂ ಆ ಬಡಿತ ನನಗೆ ಗೊತ್ತು, ನಿಮ್ಮಮ್ಮನದು. ಪಾಪಣ್ಣನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು, ನಿಮ್ಮಮ್ಮ ಅವನನ್ನು ನೋಡಲು ತಳಿಯಿಂದ ಬಂದಿದ್ದಳಂತೆ.

ಸಲಗ ತಿರುಗಿ ಹೋಯಿತು. ನಿಮ್ಮಮ್ಮನ ಕೊನೆಯ ಬಸ್ಸೂ ಹೋಯಿತು. ಅವಳು ಮಾತಾಡಲಿಲ್ಲ, ಇವತ್ತಿಗೂ ಆಡಿಲ್ಲ. ಬಡಿದು ಬಡಿದು ಸೊಟ್ಟಗಾದ ಆ ತಟ್ಟೆಯನ್ನೇ ತೊಳೆದು, ಅದರಲ್ಲೇ ಮುದ್ದೆ ಹಾಕಿ ನನ್ನ ಮುಂದೆ ಇಟ್ಟಳು. ಸುಕ್ರನ ಕೈಯಲ್ಲಿದ್ದ ತಟ್ಟೆ ನೆನಪಾಗಿ ಬಹಳ ಹೊತ್ತು ಕೈ ಹಾಕದೆ ಕೂತಿದ್ದೆ.

ಗುರುವಾರ ಸೇಲಂಗೆ ಬರುತ್ತೇವೆ, ಇಬ್ಬರೂ. ಅವರೆಕಾಳು ಒಳಗೆ ಬಿಡುವುದಿಲ್ಲ ಎಂದು ಹೇಳಿದೆ, ಆದರೂ ಹುರಿಯುತ್ತಿದ್ದಾಳೆ. ಈ ಸಲ ಕಂಬಿಯ ಹತ್ತಿರ ಬಾ ಚಲಪತಿ. ಏನು ಮಾತಾಡುವುದು ಎಂದು ಯೋಚನೆ ಮಾಡಬೇಡ, ನೀನು ಏನು ಹೇಳಿದರೂ ನನಗೆ ಕೇಳಿಸುವುದಿಲ್ಲ. ಸುಮ್ಮನೆ ಬಂದು ನಿಲ್ಲು, ಮುಖ ನೋಡುತ್ತೇನೆ.

ನಿನ್ನ ಅಪ್ಪ,
ರಾಮಾಂಜಿನಪ್ಪ